ಅಮೆರಿಕದಲ್ಲಿ ಹೆಂಗಸರ ಸಮಾನತೆಗೆ ಹೆಂಗಸರೇ ಅಡ್ಡ ನಿಂತಿದ್ದು ಯಾಕೆ?

ಶಂಕರಘಟ್ಟದ ಹುಡುಗಿ

ಎಲ್ಲರಿಗೂ ನಮಸ್ಕಾರ. ಎಂ.ಎ. ಹಿಸ್ಟರಿ ಓದ್ತಿದೀನಿ, ಸೆಮಿನಾರ್‌ಗೆ 1970ರ ದಶಕದ ಅಮೆರಿಕ ಬಂದಿದೆ, ಓದ್ತಾ ಓದ್ತಾ ಒಂದು ಕಡೆ ಸಿಕ್ಕಾಕ್ಕೊಂಡೆ. 1972 ಮಾರ್ಚ್‌ನಲ್ಲಿ, ಹೆಣ್ಣು ಗಂಡು ಅಂತ ಕಾನೂನು ಭೇದ ಮಾಡಬಾರ್ದು ಅನ್ನೋ ಸಮಾನ ಹಕ್ಕುಗಳ ತಿದ್ದುಪಡಿ ಅಲ್ಲಿನ ಸಂಸತ್ತಲ್ಲಿ ಪಾಸಾಯ್ತು, 38 ರಾಜ್ಯ ಒಪ್ಪಿದ್ರೆ ಸಂವಿಧಾನಕ್ಕೇ ಸೇರ್ತಿತ್ತು, ಒಂದೇ ವರ್ಷದಲ್ಲಿ 30 ರಾಜ್ಯ ಹೂಂ ಅಂದ್ವು, ಆಮೇಲೆ ತೆವಳಿಕೊಂಡು 35ಕ್ಕೆ ಬಂದು ಅಲ್ಲೇ ನಿಂತೋಯ್ತು. 1979ರ ಗಡುವನ್ನ 1982ಕ್ಕೆ ಎಳೆದ್ರೂ ಅಷ್ಟರೊಳಗೆ ಇನ್ನೊಂದು ರಾಜ್ಯ ಬರ್ಲಿಲ್ಲ. ಇದನ್ನ ನಿಲ್ಲಿಸೋ ಚಳವಳಿ ಕಟ್ಟಿದ್ದು ಫಿಲ್ಲಿಸ್ ಶ್ಲಾಫ್ಲಿ ಅನ್ನೋ ಹೆಂಗಸು, ಆರು ಮಕ್ಕಳ ತಾಯಿ. ಹೆಂಗಸು ಮನೇಲಿರ್ಬೇಕು ಅಂತ ಹೇಳೋಕೆ ತಾನು ದೇಶ ಪೂರ್ತಿ ಸುತ್ತಿದ್ಲು! ಅವ್ಳ ಹಿಂದೆ ಹೋದ ಸಾವಿರಾರು ಗೃಹಿಣಿಯರಿಗೆ ಎಂತ ಭಯ ಇತ್ತು? ನಮ್ಮ ಕ್ಲಾಸ್ ಹುಡುಗ್ರು 'ಹೆಣ್ಣಿಗೆ ಹೆಣ್ಣೇ ಶತ್ರು' ಅಂದು ಕೈ ತೊಳ್ಕೊಳ್ತಾರೆ, ನಂಗೆ ಅದು ಒಪ್ಪಿಗೆ ಇಲ್ಲ.

ಹೊಸನಗರದ ಮಾಣಿ

ದುಡ್ಡಿನ ಕಡೆಯಿಂದ ನೋಡಿ. 1973 ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ವು, ಬ್ಯಾರಲ್‌ಗೆ 3 ಡಾಲರ್ ಇದ್ದಿದ್ದು ಕೆಲವೇ ತಿಂಗಳಲ್ಲಿ 12ರ ಹತ್ರ ಹೋಯ್ತು. ಪೆಟ್ರೋಲ್ ಬಂಕಲ್ಲಿ ಮೈಲುದ್ದ ಕ್ಯೂ, ಕೆಲವು ರಾಜ್ಯದಲ್ಲಿ ಗಾಡಿ ನಂಬರ್ ಸಮ ಇದ್ರೆ ಒಂದಿನ ಬೆಸ ಇದ್ರೆ ಒಂದಿನ. ಬೆಲೆಯೂ ಏರೋದು ಕೆಲಸವೂ ಹೋಗೋದು ಎರಡೂ ಒಟ್ಟಿಗೆ ಆಯ್ತು, 1975ರ ಮೇ ತಿಂಗಳಲ್ಲಿ ನಿರುದ್ಯೋಗ ಶೇ. 9. ಎರಡನೇ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತೈದು ವರ್ಷ ಎಷ್ಟೋ ಮನೆಗಳಲ್ಲಿ ಗಂಡ ಒಬ್ಬ ದುಡಿದ್ರೆ ಮನೆ ಕಾರು ಎಲ್ಲ ಆಗ್ತಿತ್ತು, ಆಮೇಲೆ ಆಗ್ಲಿಲ್ಲ. 1970ರಲ್ಲಿ ನೂರಕ್ಕೆ 43 ಹೆಂಗಸರು ಕೆಲಸದ ಲೆಕ್ಕದಲ್ಲಿದ್ರು, 1980ಕ್ಕೆ 51 ದಾಟಿದ್ರು. ಇದ್ರಲ್ಲಿ ಎಷ್ಟು ಸ್ವಾತಂತ್ರ್ಯ ಎಷ್ಟು ಅನಿವಾರ್ಯ ಅಂತ ಬಿಡಿಸೋಕಾಗಲ್ಲ ಮಾರಾಯ್ರೆ. ಹೋದವ್ರಿಗೂ ಸಿಕ್ಕಿದ್ದು ಗಂಡಸಿನ ಡಾಲರ್‌ಗೆ 59 ಸೆಂಟು. ಗೃಹಿಣಿ ಇದನ್ನೆಲ್ಲ ನೋಡ್ತಿದಾಳೆ, ಅವ್ಳಿಗೆ ಆ ಕೆಲಸ ಬಿಡುಗಡೆ ಥರ ಕಾಣ್ಬೇಕು ಅಂದ್ರೆ ಹೆಂಗೆ?

ತೀರ್ಥಹಳ್ಳಿ ಅಕ್ಕ

ತಂಗೀ, ನಿನ್ನ ಪ್ರಶ್ನೆ ಓದಿ ನಮ್ಮಮ್ಮ ನೆನಪಾದ್ಲು. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂತು, ಅದಕ್ಕೂ ಮುಂಚೆ ಮದುವೆಯಾದವ್ರನ್ನ ಬಿಟ್ಟು, ಆಮೇಲೆ 2005ರಲ್ಲಿ ಇಡೀ ದೇಶಕ್ಕೆ ಬಂತು. ನಮ್ಮನೇಲಿ ಭಾಗದ ಮಾತು ಎದ್ದಾಗ ಅಣ್ಣ ಸುಮ್ನೇ ಕೂತಿದ್ದ, ನಂಗೆ ಕೊಡಬಾರ್ದು ಅಂತ ಕೂಗಾಡಿದ್ದು ಅಮ್ಮ. ನಂಗೆ ಭಾರೀ ಸಿಟ್ಟು, ಎರಡು ವರ್ಷ ತವರಿಗೇ ಹೋಗ್ಲಿಲ್ಲ. ಆಮೇಲೆ ಒಂದಿನ ಯೋಚ್ನೆ ಮಾಡ್ದೆ, ನಲವತ್ತು ವರ್ಷ ಆ ತೋಟದ ಅಡಿಕೆ ಸುಲಿದವಳು ಅವ್ಳು, ಪಹಣಿಯಲ್ಲಿ ಅವ್ಳ ಹೆಸರೇ ಇಲ್ಲ, ಮಗ ಕೊನೇ ತನಕ ನೋಡ್ಕೊಳ್ತಾನೆ ಅನ್ನೋದೊಂದೇ ಅವ್ಳ ಆಸ್ತಿ. ಎಲೆಚುಕ್ಕೆ ರೋಗ ಬಂದು ಇಳುವರಿ ಅರ್ಧ ಆಗಿದೆ, ಅದ್ರಲ್ಲಿ ಇನ್ನೊಂದು ಪಾಲು ಅಂದ್ರೆ ಅವ್ಳಿಗೆ ನನ್ನ ಹಕ್ಕು ಕಾಣ್ಲಿಲ್ಲ, ತನ್ನ ಊಟದ ತಟ್ಟೆ ಕಾಣ್ತು.

ಅಲ್ಲೂ ಅದೇ ಅಲ್ದಾ? 1970ರಿಂದ ಕ್ಯಾಲಿಫೋರ್ನಿಯಾದಲ್ಲಿ ಯಾರ ತಪ್ಪೂ ತೋರಿಸದೆ ಡೈವೋರ್ಸ್ ತಗೋಬಹುದು ಅಂತಾಯ್ತು, ಬೇರೆ ರಾಜ್ಯಗಳೂ ಹಿಂದೆ ಹೋದ್ವು. ಹೆಂಡ್ತಿನ ಸಾಕೋದು ಗಂಡನ ಕರ್ತವ್ಯ ಅನ್ನೋ ಕಾನೂನನ್ನ ಈ ತಿದ್ದುಪಡಿ ಕಿತ್ಕೊಳ್ಳತ್ತೆ ಅಂತ ಶ್ಲಾಫ್ಲಿ ಹೆದರಿಸಿದ್ಲು, ಅವ್ಳ ಸಂಘಟನೆ ಹೆಸರಿನ ಅರ್ಥವೇ 'ನಮ್ಮ ಸವಲತ್ತು ಕಿತ್ಕೊಳ್ಳೋದು ನಿಲ್ಲಿಸಿ' ಅಂತ. ಕೈಲಿ ಡಿಗ್ರಿ ಇಲ್ಲ, ವಯಸ್ಸು ಐವತ್ತು, ಅಂಥವಳಿಗೆ ಆ ಮಾತು ನಾಟ್ದೆ ಇರತ್ತಾ.

ಅಡಿಕೆ ಚೊಗರು

ಅಕ್ಕಾ ನಿಮ್ಮ ಅಮ್ಮನ ವಿಷಯಕ್ಕೆ ಎದುರು ಮಾತಿಲ್ಲ, ಆದ್ರೆ ಎಲ್ಲಾನೂ ಭಯ, ಪಾಪ ಅಂತ ಬಿಟ್ರೆ ರಾಜಕೀಯ ಮಾಡಿದವ್ರು ಬಚಾವಾಗ್ತಾರೆ. ಎಣ್ಣೆ ಬೆಲೆ ಏರೋಕೆ ಎರಡು ವರ್ಷ ಮುಂಚೆ, 1971 ಡಿಸೆಂಬರ್‌ನಲ್ಲೇ, ದೇಶಕ್ಕೆಲ್ಲ ಶಿಶುವಿಹಾರ ಕೊಡೋ ಮಸೂದೆಗೆ ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದ, ಕುಟುಂಬ ಒಡೆಯತ್ತೆ ಅನ್ನೋ ಥರದ ಕಾರಣ ಕೊಟ್ಟು. ಹಂಗಾಗಿ ಮಾಣಿ ಹೇಳೋ ಎಣ್ಣೆ ಕಥೆ ಅರ್ಧ ಮಾತ್ರ ಸರಿ. 1973ರಲ್ಲಿ ಗರ್ಭಪಾತ ಹೆಂಗಸಿನ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಬಂತು, ಚರ್ಚುಗಳು ಬೀದಿಗಿಳಿದ್ವು, 1979ಕ್ಕೆ ಜೆರ್ರಿ ಫಾಲ್ವೆಲ್ ಅನ್ನೋ ಪಾದ್ರಿ 'ಮಾರಲ್ ಮೆಜಾರಿಟಿ' ಅನ್ನೋ ಸಂಘಟನೆ ಕಟ್ಟಿದ. ರಿಪಬ್ಲಿಕನ್ ಪಕ್ಷ 1940ರಲ್ಲೇ ತನ್ನ ಪ್ರಣಾಳಿಕೇಲಿ ಈ ತಿದ್ದುಪಡಿ ಬೇಕು ಅಂದಿತ್ತು, 1980ರಲ್ಲಿ ಅದನ್ನ ಕೈಬಿಟ್ಟು ಅಧ್ಯಕ್ಷ ಚುನಾವಣೇಲಿ ರೇಗನ್‌ನ ಗೆಲ್ಲಿಸ್ಕೊಂಡ್ರು. ಭಯ ತಾನಾಗೇ ಓಟಾಗಲ್ಲ, ಯಾರೋ ಕೂತು ಮಾಡ್ತಾರೆ. ಅಂದಹಾಗೆ ಆ ಹೆಂಗಸರು ಶಾಸಕರಿಗೆ ಮನೇಲೇ ಮಾಡಿದ ಬ್ರೆಡ್ಡು ಜಾಮು ಕೊಟ್ಟು ತಿದ್ದುಪಡಿ ಬೇಡ ಅಂತಿದ್ರು, ಎಂಥಾ ತಲೆ ನೋಡಿ.

ಹೊಸನಗರದ ಮಾಣಿ

ನಿಕ್ಸನ್ ವಿಷಯ ಬಿಟ್ಟೋಗಿತ್ತು, ಒಪ್ಪಿದೆ. ಆದ್ರೂ ದುಡ್ಡಿನ ಬರಗಾಲ ಇಲ್ದೆ ಇದ್ರೆ ಆ ಭಯ ಅಷ್ಟು ಹಬ್ತಿತ್ತಾ ಅನ್ನೋದು ನನ್ನ ತಕರಾರು. 1978ರಲ್ಲಿ ಕ್ಯಾಲಿಫೋರ್ನಿಯಾ ಜನ ಓಟು ಹಾಕಿ ಮನೆ ತೆರಿಗೆ ಕಡಿತ ಮಾಡ್ಕೊಂಡ್ರಲ್ಲ, ಅಲ್ಲೂ ಇದೇ ಗಾಳಿ.

ಶಂಕರಘಟ್ಟದ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್, ಸೆಮಿನಾರ್ ಹೆಸರು ಬದಲಾಯಿಸ್ತೀನಿ, 'ಯಾರಿಗೆ ಏನು ಕಳ್ಕೊಳ್ಳೋ ಭಯ ಇತ್ತು' ಅಂತ. ಅಕ್ಕಾ, ಕೇಳ್ಬಾರ್ದೇನೋ, ಕೊನೆಗೆ ನಿಮ್ಗೆ ಭಾಗ ಸಿಕ್ತಾ?

ತೀರ್ಥಹಳ್ಳಿ ಅಕ್ಕ

ಬ್ರೆಡ್ಡು ಜಾಮು ಓದಿ ಒಬ್ಳೇ ನಗ್ತಿದೀನಿ. ಭಾಗ ಬೇಡ ಅಂತ ಸಹಿ ಹಾಕ್ಸೋಕೆ ಪತ್ರ ಕಳ್ಸಿದ ವಾರವೇ ಅಮ್ಮ ಎರಡು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳ್ಸಿದ್ಲು. ಉಪ್ಪಿನಕಾಯಿ ಖಾಲಿ ಆಗಿ ಎಷ್ಟೋ ಕಾಲ ಆಯ್ತು. ಪತ್ರ ಇನ್ನೂ ಬೀರುವಿನಲ್ಲೇ ಇದೆ, ಸಹಿ ಹಾಕಿಲ್ಲ.