ಮೂಗಿನಲ್ಲಿ ಏನೋ ಹರಿದಾಡುತ್ತಿದೆ, ಜಿಗಣೆ ಇರಬಹುದಾ?

ಪಡುಬಿದ್ರಿ ಹುಡುಗ:
ಕೊಡಚಾದ್ರಿ ಇಳಿಯುವಾಗ ತಮ್ಮ ಝರಿಗೆ ಬಾಯಿ ಹಾಕಿ ನೀರು ಕುಡಿದಿದ್ದ, ಅದಾಗಿ ಕೆಲವು ವಾರ ಆಯಿತು. ಈಗ ಎಡ ಮೂಗಿನಲ್ಲಿ ಮಾತ್ರ ಆಗಾಗ ರಕ್ತ. ನೋವಿಲ್ಲ, ಜ್ವರ ಇಲ್ಲ, ಒಳಗೆ ಏನೋ ಹರಿದಾಡಿದ ಹಾಗೆ ಆಗುತ್ತದಂತೆ. ಉಷ್ಣ ಅಂತ ಅಮ್ಮ ಬೊಂಡ (ಎಳನೀರು) ಕುಡಿಸುತ್ತಿದ್ದಾರೆ. ಕಾಲಿಗೆ ಹತ್ತುವ ಉಂಬಳ ಹೊಟ್ಟೆ ತುಂಬಿದರೆ ತಾನೇ ಬೀಳುತ್ತದೆ ಅಲ್ವಾ, ಇದು ಇಷ್ಟು ದಿನ ಹೇಗೆ ಇರುತ್ತದೆ?

ಇಎನ್‌ಟಿ ಪಿಜಿ:
ಇರುತ್ತದೆ. ಒಂದೇ ಬದಿ, ನೋವಿಲ್ಲದ ರಕ್ತ, ಮೇಲಿಂದ ಝರಿ ನೀರು ಅಂದರೆ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನಾವು ಜಿಗಣೆಯನ್ನು ಹುಡುಕಿಯೇ ಹುಡುಕುತ್ತೇವೆ. ಇದು ಉಂಬಳ ಅಲ್ಲ. ಡೈನೋಬ್ಡೆಲ್ಲಾ ಫೆರಾಕ್ಸ್‌ನಂಥ ನೀರಿನ ಜಾತಿ, ದನ, ನಾಯಿಗಳ ಮೂಗಿನಲ್ಲೂ ಸಿಗುತ್ತದೆ. ಒಳಗೆ ಹೋಗುವಾಗ ಸಣ್ಣ ಮರಿ, ಗೊತ್ತೇ ಆಗುವುದಿಲ್ಲ, ಆಮೇಲೆ ವಾರಗಟ್ಟಲೆ ಅಲ್ಲೇ ರಕ್ತ ಹೀರಿ ದಪ್ಪ ಆಗುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಸೋರುವುದು. ಎಂಡೋಸ್ಕೋಪ್ (ಒಳಗೆ ನೋಡುವ ಸಣ್ಣ ಕೊಳವೆ) ಹಾಕಿ ನೋಡಿ, ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆದರೆ ಹಿಡಿತ ಸಡಿಲ ಆಗುತ್ತದೆ, ಆಗ ಇಕ್ಕಳದಲ್ಲಿ ತೆಗೆಯುತ್ತಾರೆ.

ಬೆಳ್ಳೆ ಅಣ್ಣ:
ಅದಕ್ಕೆ ಡಾಕ್ಟರ್ ಯಾಕೆ ಮಾರಾಯ್ರೆ? ಬಟ್ಟಲಲ್ಲಿ ತಣ್ಣೀರು ತುಂಬಿಸಿ ಮೂಗು ಹತ್ತಿರ ಹಿಡಿದರೆ ತಲೆ ಹೊರಗೆ ಹಾಕುತ್ತದೆ. ಇಲ್ಲದಿದ್ದರೆ ಉಪ್ಪುನೀರು ಬಿಡಿ.

ಇಎನ್‌ಟಿ ಪಿಜಿ:
ತಣ್ಣೀರಿಗೆ ತಲೆ ಹಾಕುವುದುಂಟು, ಆದರೆ ಮನೆಯಲ್ಲಿ ಎಳೆಯಲು ಹೋಗಬೇಡಿ, ಒಳಗಿನ ಪದರ ಹರಿಯುತ್ತದೆ. ಉಪ್ಪುನೀರಂತೂ ಬೇಡವೇ ಬೇಡ. ಕಚ್ಚು ಬಿಟ್ಟು ಹಿಂದಕ್ಕೆ ಜಾರಿತು ಅಂತ ಇಟ್ಟುಕೊಳ್ಳಿ, ಗಂಟಲು, ಅಲ್ಲಿಂದ ಶ್ವಾಸನಾಳ. ಸ್ವರ ಒಡೆಯುತ್ತದೆ, ಕೆಮ್ಮಿದರೆ ರಕ್ತ ಬರುತ್ತದೆ, ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವುದು) ಮಾಡಬೇಕಾಗುತ್ತದೆ. ಉಸಿರಿಗೆ ಕಷ್ಟ ಆದರೆ ನಡುರಾತ್ರಿ ಆದರೂ ಕ್ಯಾಶುವಾಲ್ಟಿಗೆ ಓಡಿ.

ಗಾಳದ ಮನುಷ್ಯ:
ನನಗೆ ಜಿಗಣೆಗಿಂತ ಮೀನಿನದ್ದೇ ಹೆದರಿಕೆ. ಮಳೆ ಬಿದ್ದ ಕೂಡಲೇ ಉಬರ್ ಮೀನು (ಹೊಸ ನೀರಿಗೆ ಗದ್ದೆಗೆ ಏರಿ ಬರುವ ಮೀನು) ಹಿಡಿಯಲು ಗದ್ದೆಗೆ ಇಳಿಯುತ್ತಾರಲ್ಲ, ಎರಡೂ ಕೈ ತುಂಬಿದಾಗ ಒಂದನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವವರಿದ್ದಾರೆ. ಅದು ಒದ್ದಾಡಿ ಗಂಟಲಿಗೆ ನುಗ್ಗಿದರೆ?

ಇಎನ್‌ಟಿ ಪಿಜಿ:
ನುಗ್ಗಿ ಸತ್ತವರಿದ್ದಾರೆ. ಅನಾಬಸ್ ಅನ್ನುವ ಮೀನು ತುಂಬ ಕೆಟ್ಟದ್ದು. ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ನೀರು ಬಿಟ್ಟರೂ ಬೇಗ ಸಾಯುವುದಿಲ್ಲ. ಕಿವಿರಿನ ಮುಚ್ಚಳದ ಅಂಚು ಗರಗಸದ ಹಾಗೆ, ಬೆನ್ನಿನ ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ತಲೆ ಮುಂದಾಗಿ ಹೋದದ್ದನ್ನು ಬಾಲ ಹಿಡಿದು ಎಳೆದಷ್ಟೂ ಮುಳ್ಳು ನೆಡುತ್ತದೆ. ಉಸಿರಿಗೆ ಮೊದಲು ಕುತ್ತಿಗೆಯಲ್ಲಿ ದಾರಿ ಮಾಡಿ ಆಮೇಲೆ ಮೀನು ತೆಗೆಯಬೇಕಾಗಬಹುದು. ಗದ್ದೆಗೆ ಹೋಗುವಾಗ ಒಂದು ಚೀಲ ಹಿಡಿದುಕೊಂಡು ಹೋಗಿ, ಸಾಕು.

ಪಡುಬಿದ್ರಿ ಹುಡುಗ:
ನಾಳೆಯೇ ಕರೆದುಕೊಂಡು ಹೋಗುತ್ತೇನೆ. ಅದೇ ನೀರು ಕುಡಿದ ಉಳಿದವರು?

ಇಎನ್‌ಟಿ ಪಿಜಿ:
ರಕ್ತ, ಕೆಮ್ಮು, ಸ್ವರ ಬದಲಾವಣೆ ಇಲ್ಲದಿದ್ದರೆ ಸುಮ್ನೆ ಬರುವುದು ಬೇಡ.