ಅಪ್‌ಡೇಟ್: ದೇವರಕಾಡು ಪಕ್ಕದ ಲೇಔಟ್ ಕೆಲಸ ಸದ್ಯಕ್ಕೆ ನಿಂತಿದೆ

ಮಡಿಕೇರಿ ತಾಲೂಕಿನ ನಮ್ಮೂರಲ್ಲಿ ದೇವರಕಾಡಿನ (ದೇವರ ಹೆಸರಲ್ಲಿ ಊರವರು ಕಾಪಾಡಿಕೊಂಡು ಬಂದ ಕಾಡು) ಪಕ್ಕದ ಕಾಫಿ ತೋಟವನ್ನು ಜೆಸಿಬಿಯಲ್ಲಿ ಬಗೆದು ವಿಲ್ಲಾ ಕಟ್ಟೋಕೆ ಹೊರಟಿದ್ದಾರೆ, ತಡೆಯೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಭೂ ಪರಿವರ್ತನೆ ಆದೇಶ ನೋಡಿ ಅಂದಿದ್ರಲ್ಲ, ಅದೇ ಕೆಲಸಕ್ಕೆ ಬಂತು. ಕೃಷಿ ಜಮೀನಲ್ಲಿ ಮನೆ ಕಟ್ಟಿ ಮಾರಬೇಕಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿ ಅನುಮತಿ ಬೇಕು. ಆರ್‌ಟಿಐ ಹಾಕಿ ಪ್ರತಿ ತೆಗೆದೆವು. ಪರಿವರ್ತನೆ ಆಗಿರೋದು ತೋಟದ ಒಂದು ಮೂಲೆಗೆ ಮಾತ್ರ! ಉಳಿದದ್ದು ಪಹಣಿಯಲ್ಲಿ ಇನ್ನೂ ಕಾಫಿ ತೋಟವೇ. ಬ್ರೋಷರ್‌ನಲ್ಲಿ ಮಾತ್ರ ಗುಡ್ಡ ಪೂರ್ತಿ ಸೈಟು.

ಆಮೇಲೆ ಸರ್ವೆ ಮಾಡಿಸಿದೆವು. ಅವರ ಹೊಸ ರಸ್ತೆ ದೇವರಕಾಡಿನ ಒಳಗೇ ಹೋಗಿದೆ. ಕೊಡಗಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಂಚು ಒತ್ತುವರಿಯಾಗಿ ಕರಗಿದ್ದೇ ಜಾಸ್ತಿ, ಅದಕ್ಕೇ ಊರವರು ಬಿಡಲಿಲ್ಲ. ಊರಿನ ಹಿರಿಯ ಮುಖ್ಯಸ್ಥರಾದ ತಕ್ಕರೇ ಮುಂದೆ ನಿಂತು ಅರ್ಜಿಗೆ ಸಹಿ ಹಾಕಿಸಿದರು. ಅರಣ್ಯ ಇಲಾಖೆಯವರು ಬಂದು ಮಹಜರು ಮಾಡಿದ ಮೇಲೆ ಕೆಲಸ ನಿಂತಿದೆ.

ಆದರೆ ಕಡಿದ ಗುಡ್ಡ ಹಾಗೇ ಇದೆ. 2018ರ ಆಗಸ್ಟ್‌ನಲ್ಲಿ ಮಣ್ಣು ಜಾರಿ ಏನಾಯ್ತು ಅಂತ ನಮಗೆ ಹೇಳಬೇಕಾ? ಮಳೆಗೆ ಮುಂಚೆ ಚರಂಡಿ, ತಡೆಗೋಡೆ ಮಾಡಿಸಬೇಕು ಅಂತ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಬೆಂಗಳೂರಿಂದ ಅಡ್ವಾನ್ಸ್ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಪರಿವರ್ತನೆ ಆದೇಶದಲ್ಲಿ ನಿಮ್ಮ ಸೈಟಿನ ಸರ್ವೆ ನಂಬರ್, ವಿಸ್ತೀರ್ಣ ಎರಡೂ ನೋಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಕೇಳಿ.