‘ಪಕ್ಷಾತೀತ’ ಅಲ್ಲ, ‘ಪಕ್ಷಾಂತರ’ವೂ ಅಲ್ಲ: ಈ ಜಾಹೀರಾತಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚುನಾವಣಾ ಜಾಹೀರಾತುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎದುರು ಪಕ್ಷದ ಮತದಾರರನ್ನೇ ಮಾತಾಡಿಸಿ, ಅವರ ಮತ ಕೇಳುವ ಜಾಹೀರಾತಿಗೆ ಕನ್ನಡದಲ್ಲಿ ಏನನ್ನಬೇಕು?

ನನ್ನ ತಲೆಯಲ್ಲಿರುವುದು 1964ರ ಅಮೆರಿಕದ ಅಧ್ಯಕ್ಷ ಚುನಾವಣೆ. ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಕಡೆಯವರು ‘ಕನ್ಫೆಷನ್ಸ್ ಆಫ್ ಎ ರಿಪಬ್ಲಿಕನ್’ ಅಂತ ಒಂದು ಟೀವಿ ಜಾಹೀರಾತು ಮಾಡಿಸಿದರು. ನಾಲ್ಕು ನಿಮಿಷಕ್ಕೂ ಜಾಸ್ತಿ ಹೊತ್ತು ಒಬ್ಬನೇ ಮನುಷ್ಯ ನಮ್ಮನ್ನು ನೋಡುತ್ತಾ ಮಾತಾಡುತ್ತಾನೆ. ಅಪ್ಪ, ತಾತ ಎಲ್ಲರೂ ರಿಪಬ್ಲಿಕನ್ನರು, ತಾನೂ ಅಷ್ಟೇ. ಹಿಂದಿನ ಚುನಾವಣೆಗಳಲ್ಲಿ ಅದೇ ಪಕ್ಷದ ಐಸೆನ್‌ಹೋವರ್‌ಗೆ ಮತ ಹಾಕಿದವನು, ನಿಕ್ಸನ್‌ಗೂ ಹಾಕಿದವನು. ಆದರೆ ಈ ಸಲ ತನ್ನ ಪಕ್ಷ ನಿಲ್ಲಿಸಿರುವ ಬ್ಯಾರಿ ಗೋಲ್ಡ್‌ವಾಟರ್ ಅಂದರೆ ಅವನಿಗೆ ಭಯ. ಪಕ್ಷ ತಪ್ಪು ಮಾಡಿದೆ, ಆ ತಪ್ಪಿನ ವಿರುದ್ಧ ಮತ ಹಾಕುತ್ತೇನೆ ಅನ್ನುತ್ತಾನೆ. ಪಕ್ಷ ಬಿಡುತ್ತೇನೆ ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ. ನನಗೆ ತೊಡಕಾಗಿರುವುದು ಇದೇ.

ಇದನ್ನು ‘ಪಕ್ಷಾಂತರ’ ಅಂದರೆ ತಪ್ಪಾಗುತ್ತದೆ. ಆ ಪದ ಬಂದ ಕೂಡಲೇ ಶಾಸಕರು ಕಣ್ಣ ಮುಂದೆ ಬರುತ್ತಾರೆ. ‘ಅಡ್ಡ ಮತದಾನ’ದ ಕಥೆಯೂ ಅದೇ, ಅದರಲ್ಲಿ ದ್ರೋಹದ ವಾಸನೆ ಇದೆ. ತನ್ನ ಮತವನ್ನು ಯಾರಿಗಾದರೂ ಹಾಕುವ ಮತದಾರ ಯಾರಿಗೆ ದ್ರೋಹ ಮಾಡಿದ ಹಾಗಾಯಿತು?

‘ಪಕ್ಷಾತೀತ’ ಅನ್ನಬಹುದು ಅಂತ ಮೊದಲು ಅನ್ನಿಸಿತ್ತು. ಆದರೆ ಜಾಹೀರಾತು ಪಕ್ಷಾತೀತ ಅಲ್ಲವೇ ಅಲ್ಲ, ಅದು ಒಬ್ಬ ಅಭ್ಯರ್ಥಿಗೇ ಮತ ಕೇಳುತ್ತದೆ. 1984ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಪರ ಬಂದ ‘ಮಾರ್ನಿಂಗ್ ಇನ್ ಅಮೆರಿಕ’ದಲ್ಲಿ ಪಕ್ಷದ ಮಾತು ಬರುವುದಿಲ್ಲ. ಬೆಳಗಾಗುತ್ತದೆ, ಜನ ಕೆಲಸಕ್ಕೆ ಹೋಗುತ್ತಾರೆ, ಒಂದು ಮದುವೆ ನಡೆಯುತ್ತದೆ. ಆ ಸಲ ರೇಗನ್ 50ರಲ್ಲಿ 49 ರಾಜ್ಯ ಗೆದ್ದರು. ನೋಟಕ್ಕೆ ಪಕ್ಷಾತೀತ, ಕೇಳುವುದು ಮಾತ್ರ ಮತವನ್ನೇ. ಆ ಪದ ಹಾಕಿದರೆ ಈ ಕೇಳಿಕೆ ಮುಚ್ಚಿಹೋಗುತ್ತದೆ.

‘ಓಲೈಕೆ’ ಈಗ ಬೈಗುಳದ ಹತ್ತಿರ ಹೋಗಿದೆ. ‘ಮನವೊಲಿಕೆ’ ಒಳ್ಳೆಯ ಪದ, ಆದರೆ ಪತ್ರಿಕೆಗಳಲ್ಲಿ ಅದನ್ನು ಹೆಚ್ಚಾಗಿ ಬಂಡಾಯ ಎದ್ದ ಸ್ವಂತ ಪಕ್ಷದವರಿಗೇ ಬಳಸುತ್ತಾರೆ, ಅಲ್ವಾ?

ನನಗೆ ಹಿಡಿಸಿರುವುದು ‘ಒಲಿಸಿಕೊಳ್ಳು’. ‘ವಿದ್ಯೆ ಒಲಿಯಿತು’, ‘ದೇವರು ಒಲಿದ’ ಅನ್ನುತ್ತೇವೆ. ಕೇಳುವವರು ಎಷ್ಟೇ ಕೇಳಲಿ, ಒಲಿಯುವುದು ಬಿಡುವುದು ಒಲಿಯುವವರ ಇಷ್ಟ. ಮತದಾರನ ಆ ಸ್ವಾತಂತ್ರ್ಯ ಪದದಲ್ಲೇ ಉಳಿಯುತ್ತದೆ. ‘ಕೊಳ್ಳು’ ಸೇರಿದ್ದರಿಂದ, ಲಾಭ ಕೇಳುವವರದು ಅನ್ನುವುದೂ ಮರೆಯಾಗುವುದಿಲ್ಲ. ‘ಸೆಳೆ’ಯಲ್ಲಿ ಇದಿಲ್ಲ. ಅಲ್ಲಿ ಎಳೆಯುವವರದೇ ಕೈ ಮೇಲು.

ಕ್ರಿಯಾಪದ ಸಿಕ್ಕಿತು, ನಾಮಪದ ಸಿಗುತ್ತಿಲ್ಲ. ‘ಪಕ್ಷದಾಚೆಯವರನ್ನು ಒಲಿಸಿಕೊಳ್ಳುವ ಜಾಹೀರಾತು’ ಅಂತ ಪ್ರತಿ ಸಲ ಬರೆದರೆ ಉದ್ದವಾಗುತ್ತದೆ. ‘ಆಚೆಯೊಲಿಕೆ’ ಅಂದರೆ ಓದುವವರಿಗೆ ಅರ್ಥವಾಗುತ್ತದಾ? ಪಕ್ಷ ಬಿಡದೆ ಒಂದು ಸಲಕ್ಕೆ ಮಾತ್ರ ಆ ಕಡೆ ಮತ ಹಾಕುವವರನ್ನು ನಿಮ್ಮ ಕಡೆ ಮಾತಿನಲ್ಲಿ ಏನಂತ ಕರೆಯುತ್ತಾರೆ? ಹಾಗೊಂದು ಪದ ಬಳಕೆಯಲ್ಲಿದ್ದರೆ ನನ್ನದನ್ನು ಸಂತೋಷವಾಗಿ ಬಿಡುತ್ತೇನೆ.